ಅಂಕಪಟ್ಟಿ ತಪ್ಪಾದರೆ ಕುಲಪತಿಯೋ, ಕುಲಸಚಿವರೋ, ಸಿಂಡಿಕೇಟೋ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನವನು. ಮಗಳು ಬಿ.ಕಾಂ. ಕೊನೆಯ ಸೆಮಿಸ್ಟರ್‌ನ ಎಲ್ಲ ಪೇಪರ್ ಬರೆದಿದ್ದಾಳೆ. ಫಲಿತಾಂಶದಲ್ಲಿ ಮಾತ್ರ ಒಂದು ವಿಷಯಕ್ಕೆ ಗೈರುಹಾಜರಿ ಎಂದು ಬಂದಿದೆ. ಕಾಲೇಜಿನವರು ಯೂನಿವರ್ಸಿಟಿಗೆ ಹೋಗ್ರಿ ಅಂತಾರೆ, ಅಲ್ಲಿ ಕೇಳಿದರೆ ಕಾಲೇಜಿನಿಂದಲೇ ಬರಬೇಕು ಅಂತಾರೆ. ಸಿಂಡಿಕೇಟ್ ಮೆಂಬರನ್ನು ಹಿಡಿದರೆ ಒಂದೇ ದಿನದಲ್ಲಿ ಆಗ್ತದೆ ಅಂತ ಪರಿಚಯದವರೊಬ್ಬರು ಹೇಳಿದರು. ಕುಲಪತಿ, ಕುಲಸಚಿವರು, ಸಿಂಡಿಕೇಟ್, ಇವರಲ್ಲಿ ಯಾರ ಕೈಯಲ್ಲಿ ಏನಿದೆ? ಇನ್ನೊಂದು ವಿಷಯ: ನಮ್ಮೂರಿನ ಖಾಸಗಿ ಪದವಿ ಕಾಲೇಜಿನ ಆಡಳಿತ ಮಂಡಳಿಯಲ್ಲಿ ನಾನೂ ಇದ್ದೇನೆ. ಮುಂದಿನ ವರ್ಷ ಬಿ.ಸಿ.ಎ. ತರಬೇಕು ಅಂತಿದ್ದೇವೆ. ಅದಕ್ಕೆ ಯಾರ ಒಪ್ಪಿಗೆ ಬೇಕು?

ಉತ್ತರ: ಮಗಳ ವಿಷಯ ಮೊದಲು. ಈ ತಿದ್ದುಪಡಿ ಆಗಬೇಕಾದದ್ದು ಕುಲಸಚಿವರು (ಮೌಲ್ಯಮಾಪನ) ಅವರ ಕಚೇರಿಯಲ್ಲಿ. ಅರ್ಜಿ ಹೋಗಬೇಕಾದದ್ದು ಪ್ರಾಂಶುಪಾಲರ ಮುಖಾಂತರ. ಆದ್ದರಿಂದ ಕಾಲೇಜಿನಿಂದಲೇ ಬರಬೇಕು ಎಂದು ವಿ.ವಿ.ಯವರು ಹೇಳಿದ್ದು ಸರಿ, ಆದರೆ ಕಾಲೇಜಿನಿಂದ ಏನೇನು ಬರಬೇಕು ಎಂದು ಅವರು ಹೇಳಬೇಕಿತ್ತು. ಅದನ್ನು ಮುಂದೆ ಬರೆದಿದ್ದೇನೆ. ಸಿಂಡಿಕೇಟ್ (ವಿ.ವಿ.ಯ ಆಡಳಿತ ಸಭೆ) ಸದಸ್ಯರ ಮನೆ ಬಾಗಿಲಿಗೆ ಹೋಗುವ ಅಗತ್ಯ ಇಲ್ಲ. ಹೋದರೂ ಒಬ್ಬ ಸದಸ್ಯರಿಗೆ ಒಂದು ಅಂಕವನ್ನೂ ತಿದ್ದಿಸುವ ಅಧಿಕಾರವಿಲ್ಲ. ಯಾಕೆ ಇಲ್ಲ ಎನ್ನುವುದು ಗೊತ್ತಾಗಬೇಕಾದರೆ ವಿ.ವಿ.ಯ ಒಳಗಿನ ಕಟ್ಟಡ ಸ್ವಲ್ಪ ತಿಳಿದಿರಬೇಕು.

ಅದಕ್ಕೂ ಮುಂಚೆ, ನಿಮ್ಮ ಮಗಳು ಯಾವ ವಿ.ವಿ.ಯ ವಿದ್ಯಾರ್ಥಿನಿ ಎಂದು ಖಚಿತ ಮಾಡಿಕೊಳ್ಳಿ. ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ. 1980ರಲ್ಲಿ ಗುಲ್ಬರ್ಗ ವಿ.ವಿ. ಆದ ಮೇಲೆ ಈ ಇಡೀ ಸೀಮೆಯ ಪದವಿ ಕಾಲೇಜುಗಳು ಅದರ ಕೆಳಗಿದ್ದವು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿ.ವಿ. ಆಯಿತು, ಬಳ್ಳಾರಿ ಮತ್ತು ಕೊಪ್ಪಳ ಜಿಲ್ಲೆಗಳು ಅದಕ್ಕೆ ಸೇರಿದವು. ರಾಯಚೂರಿಗೆ ಬೇರೆ ವಿ.ವಿ. ಬಂತು, ಈಗ ಅದಕ್ಕೆ ಆದಿಕವಿ ಮಹರ್ಷಿ ವಾಲ್ಮೀಕಿಯವರ ಹೆಸರಿದೆ. 2023ರಲ್ಲಿ ಕೊಪ್ಪಳ ವಿ.ವಿ. ಹುಟ್ಟಿ ಜಿಲ್ಲೆಯ ಕಾಲೇಜುಗಳು ಅಲ್ಲಿಗೆ ಹೋದವು. ಹೀಗೆ ವಿ.ವಿ. ಒಡೆದಾಗ ಮೊದಲೇ ಪ್ರವೇಶ ಪಡೆದವರನ್ನು ಸಾಮಾನ್ಯವಾಗಿ ಹಳೆಯ ವಿ.ವಿ.ಯೇ ಮುಗಿಸಿಕೊಡುತ್ತದೆ. ಹಾಗಾಗಿ ಒಂದೇ ಕಾಲೇಜಿನ ಅಕ್ಕನ ಕಡತ ಬಳ್ಳಾರಿಯಲ್ಲೂ ತಂಗಿಯ ಕಡತ ಕೊಪ್ಪಳದಲ್ಲೂ ಇರಬಹುದು. ಪರೀಕ್ಷೆಯ ಪ್ರವೇಶ ಪತ್ರದ (ಹಾಲ್ ಟಿಕೆಟ್) ಮೇಲೆ ಯಾವ ವಿ.ವಿ. ಹೆಸರು ಅಚ್ಚಾಗಿದೆಯೋ ಅದೇ ನಿಮ್ಮ ವಿಳಾಸ.

ಬೇರೆ ಕೋರ್ಸಿನವರಿಗೂ ಇದೇ ಮಾತು. ಬಳ್ಳಾರಿಯಲ್ಲೇ ಓದಿದರೂ ಎಂಜಿನಿಯರಿಂಗ್ ವಿದ್ಯಾರ್ಥಿಯ ವಿ.ವಿ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ., ವೈದ್ಯಕೀಯ ಮತ್ತು ನರ್ಸಿಂಗ್‌ನವರದ್ದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿ.ವಿ., ಕಾನೂನು ಓದುವವರದ್ದು ಹುಬ್ಬಳ್ಳಿಯ ಕಾನೂನು ವಿ.ವಿ. ಕೆಲವು ಮಹಿಳಾ ಕಾಲೇಜುಗಳು ವಿಜಯಪುರದ ಅಕ್ಕಮಹಾದೇವಿ ವಿ.ವಿ.ಗೆ ಸೇರಿವೆ. ಇವಕ್ಕೆಲ್ಲ ಬೇರೆ ಬೇರೆ ಕಾಯ್ದೆಗಳಿವೆ, ಆಡಳಿತ ಸಂಸ್ಥೆಗಳ ಹೆಸರೂ ಬೇರೆ. ತಾಂತ್ರಿಕ ವಿ.ವಿ.ಯಲ್ಲಿ ಸಿಂಡಿಕೇಟ್ ಬದಲು ಕಾರ್ಯಕಾರಿ ಪರಿಷತ್ತು ಇದೆ, ರಾಯಚೂರಿನ ಕೃಷಿ ವಿಜ್ಞಾನಗಳ ವಿ.ವಿ.ಯಲ್ಲಿ ವ್ಯವಸ್ಥಾಪನಾ ಮಂಡಳಿ ಇದೆ. ನಾನು ಮುಂದೆ ಹೇಳುವುದೆಲ್ಲ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಕೆಳಗೆ ಬರುವ ಸಾಮಾನ್ಯ ವಿ.ವಿ.ಗಳ ವಿಷಯ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಕಾಲೇಜುಗಳು ಹೆಚ್ಚುಕಡಿಮೆ ಎಲ್ಲ ಇದರೊಳಗೆ ಬರುತ್ತವೆ.

ಮೇಲಿನಿಂದ ಹೇಳುತ್ತೇನೆ. ಕುಲಾಧಿಪತಿ ಎಂದರೆ ರಾಜ್ಯಪಾಲರು. ಘಟಿಕೋತ್ಸವದಲ್ಲಿ ಅಧ್ಯಕ್ಷತೆ ಅವರದು. ಕುಲಪತಿಯ ನೇಮಕದ ಆದೇಶಕ್ಕೆ ಅವರ ಸಹಿ ಬೀಳುತ್ತದೆ, ಪರಿನಿಯಮಗಳಿಗೆ, ಅಂದರೆ ಕಾಯ್ದೆಯ ಕೆಳಗೆ ವಿ.ವಿ. ಮಾಡಿಕೊಳ್ಳುವ ನಿಯಮಗಳಿಗೆ, ಅವರ ಅಂಕಿತ ಬೇಕು. ಸಹಕುಲಾಧಿಪತಿ ಉನ್ನತ ಶಿಕ್ಷಣ ಸಚಿವರು. ದಿನನಿತ್ಯದ ಆಡಳಿತದಲ್ಲಿ ಇವರಿಬ್ಬರೂ ಇರುವುದಿಲ್ಲ. ಅಂಕಪಟ್ಟಿಯ ತಕರಾರನ್ನು ರಾಜಭವನಕ್ಕೆ ಬರೆದರೆ ಅದು ಒಂದು ರವಾನೆ ಪತ್ರದೊಂದಿಗೆ ಮತ್ತೆ ಅದೇ ವಿ.ವಿ.ಯ ಟಪಾಲು ವಿಭಾಗಕ್ಕೆ ಬಂದು ಬೀಳುತ್ತದೆ. ತಿಂಗಳು ಕಳೆದಿರುತ್ತದೆ, ಅಷ್ಟೇ.

ಕುಲಪತಿ ವಿ.ವಿ.ಯ ಮುಖ್ಯ ಕಾರ್ಯನಿರ್ವಾಹಕರು, ವಿದ್ಯಾವಿಷಯಕ ಮುಖ್ಯಸ್ಥರೂ ಹೌದು. ಅವರನ್ನು ಆರಿಸಲು ನಾಲ್ವರ ಶೋಧನಾ ಸಮಿತಿ ಇರುತ್ತದೆ: ಕುಲಾಧಿಪತಿಯವರ ಕಡೆಯಿಂದ ಒಬ್ಬರು, ವಿಶ್ವವಿದ್ಯಾಲಯ ಅನುದಾನ ಆಯೋಗದಿಂದ (ಯುಜಿಸಿ) ಒಬ್ಬರು, ಸರ್ಕಾರದಿಂದ ಒಬ್ಬರು, ಸಿಂಡಿಕೇಟ್‌ನಿಂದ ಒಬ್ಬರು. ಆ ಸಮಿತಿ ಕೊಡುವ ಹೆಸರುಗಳಲ್ಲಿ ಒಬ್ಬರನ್ನು ಆರಿಸಲಾಗುತ್ತದೆ. ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಾಧ್ಯಾಪಕರಾಗಿ ಕನಿಷ್ಠ 10 ವರ್ಷ ಅನುಭವ ಬೇಕು. ಅವಧಿ ನಾಲ್ಕು ವರ್ಷ. ಅವಧಿ ಮುಗಿದು ಹೊಸಬರು ಬರುವುದು ತಡವಾದರೆ ಹಿರಿಯ ಡೀನರು ಪ್ರಭಾರ ವಹಿಸುತ್ತಾರೆ. ಪ್ರಭಾರಿಗಳು ದೊಡ್ಡ ತೀರ್ಮಾನಗಳಿಗೆ ಕೈ ಹಾಕಲು ಹಿಂಜರಿಯುತ್ತಾರೆ. ಪ್ರಭಾರದ ಕಾಲದಲ್ಲಿ ಕಡತಗಳು ಜಾಸ್ತಿ ದಿನ ಕೂರುವುದಕ್ಕೆ ಇದೂ ಒಂದು ಕಾರಣ.

ಕುಲಪತಿಗೆ ಒಂದು ವಿಶೇಷ ಅಧಿಕಾರವಿದೆ. ಸಿಂಡಿಕೇಟ್ ಅಥವಾ ಇನ್ನೊಂದು ಸಂಸ್ಥೆ ತೀರ್ಮಾನಿಸಬೇಕಾದ ವಿಷಯ ತುರ್ತಾಗಿದ್ದು, ಸಭೆ ಸೇರುವವರೆಗೆ ಕಾಯಲು ಆಗದಿದ್ದರೆ, ಅವರೇ ಕ್ರಮ ಕೈಗೊಂಡು ಮುಂದಿನ ಸಭೆಗೆ ವರದಿ ಮಾಡಬಹುದು. ಕಾರ್ಯಸೂಚಿಯಲ್ಲಿ ‘ಘಟನೋತ್ತರ ಅನುಮೋದನೆ’ ಎಂದು ಬರುವ ವಿಷಯಗಳಲ್ಲಿ ಬಹಳಷ್ಟು ಇಂಥವು. ಪರೀಕ್ಷೆ ಮುಂದೂಡುವುದು, ನೆರೆ ಬಂದಾಗ ಕೇಂದ್ರ ಬದಲಿಸುವುದು ಇಂಥವಕ್ಕೆ ಈ ಅಧಿಕಾರ ಬೇಕೇ ಬೇಕು. ಆದರೆ ನೇಮಕ, ಖರೀದಿ, ಸಂಯೋಜನೆಯಂಥ (ಕಾಲೇಜು, ಕೋರ್ಸುಗಳಿಗೆ ವಿ.ವಿ. ಕೊಡುವ ಮಾನ್ಯತೆ) ವಿಷಯಗಳೂ ಸಾಲುಸಾಲಾಗಿ ಘಟನೋತ್ತರ ಅನುಮೋದನೆಗೆ ಬರತೊಡಗಿದರೆ ಆ ವಿ.ವಿ.ಯಲ್ಲಿ ಸಿಂಡಿಕೇಟ್ ಹೆಸರಿಗಷ್ಟೇ ಉಳಿದಿದೆ ಎಂದು ತಿಳಿಯಬೇಕು. ಯಾವುದೇ ವಿ.ವಿ.ಯ ಆರೋಗ್ಯ ನೋಡಬೇಕಾದರೆ ನಾನು ಮೊದಲು ಓದುವುದು ನಡಾವಳಿಯ ಈ ಭಾಗವನ್ನೇ.

ಕುಲಸಚಿವರು ಇಬ್ಬರಿರುತ್ತಾರೆ, ಜನರಿಗೆ ಗೊಂದಲವಾಗುವುದು ಇಲ್ಲೇ. ಒಬ್ಬರು ಆಡಳಿತದ ಕುಲಸಚಿವರು. ದಾಖಲೆಗಳು, ಮೊಹರು, ನೌಕರರ ಸೇವಾ ವಿಷಯ, ಸಂಯೋಜನೆ ಎಲ್ಲ ಅವರ ವಶ. ಸಿಂಡಿಕೇಟ್ ಸಭೆಗೆ ನೋಟಿಸು ಕೊಡುವುದು, ಕಾರ್ಯಸೂಚಿ ಕಟ್ಟುವುದು, ನಡಾವಳಿ ಬರೆಯುವುದು ಅವರೇ. ನ್ಯಾಯಾಲಯದಲ್ಲಿ ವಿ.ವಿ.ಯ ಪರ ನಿಲ್ಲುವವರೂ ಅವರೇ. ಇನ್ನೊಬ್ಬರು ಮೌಲ್ಯಮಾಪನ ಕುಲಸಚಿವರು. ಪ್ರಶ್ನೆಪತ್ರಿಕೆ, ಪರೀಕ್ಷಾ ಕೇಂದ್ರ, ಮೌಲ್ಯಮಾಪನ, ಫಲಿತಾಂಶ, ಅಂಕಪಟ್ಟಿ, ಪದವಿ ಪ್ರಮಾಣಪತ್ರ ಇಷ್ಟೂ ಅವರದು. ಇಬ್ಬರನ್ನೂ ನೇಮಿಸುವುದು ಸರ್ಕಾರ. ಅರ್ಜಿಯ ಮೇಲೆ ಬರೀ ‘ಕುಲಸಚಿವರಿಗೆ’ ಎಂದು ಬರೆದರೆ ಅದು ಆಡಳಿತ ವಿಭಾಗಕ್ಕೆ ಹೋಗಿ, ಅಲ್ಲಿಂದ ಪರೀಕ್ಷಾ ವಿಭಾಗಕ್ಕೆ ದಾಟುವಷ್ಟರಲ್ಲಿ ವಾರ ಕಳೆಯುತ್ತದೆ. ಆವರಣದ ಚಿಹ್ನೆಯೊಳಗೆ ‘ಮೌಲ್ಯಮಾಪನ’ ಎಂದು ಸೇರಿಸುವುದನ್ನು ಮರೆಯಬೇಡಿ. ಮೂರನೆಯವರು ಹಣಕಾಸು ಅಧಿಕಾರಿ. ಬಜೆಟ್ಟು, ಬಿಲ್ಲು, ಶುಲ್ಕ ವಾಪಸಾತಿ ಅವರ ಕಡೆ.

ಈಗ ಸಿಂಡಿಕೇಟ್. ಇದು ವಿ.ವಿ.ಯ ಆಡಳಿತದ ಪರಮಾಧಿಕಾರದ ಸಭೆ. ಕುಲಪತಿ ಅಧ್ಯಕ್ಷರು. ಸರ್ಕಾರ ನಾಮನಿರ್ದೇಶನ ಮಾಡಿದವರು (ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಹಿಳೆಯರಿಗೆ ಇಲ್ಲಿ ಜಾಗ ಮೀಸಲು), ಕುಲಾಧಿಪತಿಯವರ ನಾಮನಿರ್ದೇಶಿತರು, ಇಲಾಖೆಯ ಅಧಿಕಾರಿಗಳು, ಡೀನರು, ಪ್ರಾಂಶುಪಾಲರು ಸದಸ್ಯರು. 1976ರ ಹಳೆಯ ಕಾಯ್ದೆಯಲ್ಲಿ ಇದರ ಮೇಲೆ ಸೆನೆಟ್ ಎಂಬ ದೊಡ್ಡ ಸಭೆ ಇತ್ತು. 2000ದ ಕಾಯ್ದೆ ಅದನ್ನು ಕೈಬಿಟ್ಟಿತು. ಹಾಗಾಗಿ ಸಿಂಡಿಕೇಟ್‌ನ ತೂಕ ಮೊದಲಿಗಿಂತ ಹೆಚ್ಚಾಯಿತು, ಅದನ್ನು ಒಳಗಿನಿಂದ ಪ್ರಶ್ನಿಸುವ ಜಾಗ ಕಡಿಮೆಯಾಯಿತು. ಇದು ಒಳ್ಳೆಯ ಬದಲಾವಣೆ ಎಂದು ನನಗೆ ಅನ್ನಿಸಿಲ್ಲ. ಸೆನೆಟ್‌ನಲ್ಲಿ ಗದ್ದಲ ಇರುತ್ತಿತ್ತು ಎನ್ನುವುದು ನಿಜ, ಆದರೆ ಸಿಂಡಿಕೇಟ್ ಮಾಡಿದ್ದಕ್ಕೆ ಲೆಕ್ಕ ಕೇಳುವವರೂ ಅಲ್ಲಿರುತ್ತಿದ್ದರು.

ಸಿಂಡಿಕೇಟ್ ಮಾಡುವ ಕೆಲಸಗಳು ಏನು? ವಿ.ವಿ.ಯ ಆಸ್ತಿ, ಹಣ, ಕಟ್ಟಡ, ನೌಕರರ ಶಿಸ್ತು, ಬಜೆಟ್ ಅಂಗೀಕಾರ, ಕಾಲೇಜುಗಳ ಸಂಯೋಜನೆ, ಪರಿನಿಯಮಗಳ ಕರಡು. ಈ ಎಲ್ಲದರಲ್ಲೂ ಅಧಿಕಾರ ಇರುವುದು ಸಭೆಗೆ. ಕೋರಂ ಇದ್ದು, ವಿಷಯ ಕಾರ್ಯಸೂಚಿಯಲ್ಲಿ ಬಂದು, ಚರ್ಚೆಯಾಗಿ, ನಿರ್ಣಯ ನಡಾವಳಿಗೆ ಏರಿದಾಗ ಮಾತ್ರ ಅದು ಸಿಂಡಿಕೇಟ್‌ನ ತೀರ್ಮಾನ. ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ತಮ್ಮ ಮನೆಯಲ್ಲಿ ಕೂತು ನಿಮಗೆ ನಿವೇಶನ ಮಂಜೂರು ಮಾಡಲಾಗದ ಹಾಗೆಯೇ ಇದೂ. ಸದಸ್ಯರು ಪರೀಕ್ಷಾ ವಿಭಾಗಕ್ಕೆ ಫೋನ್ ಮಾಡಿದರೆ ಗುಮಾಸ್ತರು ಕಡತವನ್ನು ಮೇಲಕ್ಕೆ ತೆಗೆದಿಡಬಹುದು. ಆದರೆ ಹಾಜರಾತಿಯ ದಾಖಲೆ ಇಲ್ಲದೆ ಆ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದಿಲ್ಲ. ದಾಖಲೆ ಇದ್ದರೆ ಫೋನು ಬೇಕಾಗುವುದೂ ಇಲ್ಲ. ಹಣ ಕೊಟ್ಟರೆ ಆಗುತ್ತದೆ ಎಂದು ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ದಾಖಲೆ ಇಲ್ಲದೆ ತಿದ್ದಿದ ಅಂಕ ಮುಂದೊಂದು ದಿನ ಪದವಿಯನ್ನೇ ರದ್ದು ಮಾಡಿಸಬಹುದು. ಆಗ ಶಿಕ್ಷೆ ಅನುಭವಿಸುವವಳು ನಿಮ್ಮ ಮಗಳು.

ಸಿಂಡಿಕೇಟ್ ಸದಸ್ಯರಿಂದ ನಿಜವಾಗಿ ಪ್ರಯೋಜನವಾಗುವ ಸಂದರ್ಭ ಬೇರೆ. ಒಬ್ಬಳ ಫಲಿತಾಂಶ ಅಲ್ಲ, ಇಡೀ ಕಾಲೇಜಿನ ಅಂಕಪಟ್ಟಿ ವರ್ಷವಾದರೂ ಬಂದಿಲ್ಲ, ಒಂದು ಕೇಂದ್ರದ ಎಲ್ಲ ಮಕ್ಕಳಿಗೂ ಒಂದೇ ವಿಷಯದಲ್ಲಿ ಗೈರು ಬಂದಿದೆ ಎಂಬಂಥ ಸಮಸ್ಯೆಯಾದರೆ, ಕಾಲೇಜುವಾರು ಪಟ್ಟಿ ಮಾಡಿ ಒಂದು ಪುಟದ ಟಿಪ್ಪಣಿಯನ್ನು ಸದಸ್ಯರಿಗೆ ಕೊಡಿ. ಅದು ಕಾರ್ಯಸೂಚಿಗೆ ಬರಲಿ ಎಂದು ಲಿಖಿತವಾಗಿ ಕೇಳಿ. ಮುಂದಿನ ಸಭೆಯಲ್ಲಿ, ನಿರ್ಣಯದಂತೆ ಏನು ಮಾಡಿದಿರಿ ಎಂಬ ಅನುಪಾಲನಾ ವರದಿ ಕೇಳುವ ಹಕ್ಕು ಅವರಿಗಿದೆ.

ಪಠ್ಯ, ಪರೀಕ್ಷಾ ಪದ್ಧತಿ, ಪಾಸಾಗುವ ಅಂಕ ಇವೆಲ್ಲ ಸಿಂಡಿಕೇಟ್‌ನ ಮನೆಯಲ್ಲ. ಅದಕ್ಕೆ ಬೇರೆ ಏಣಿ ಇದೆ. ಕೆಳಗೆ ಪ್ರತಿ ವಿಷಯಕ್ಕೂ ಅಧ್ಯಯನ ಮಂಡಳಿ, ಎಲ್ಲರೂ ಬಿಒಎಸ್ ಎನ್ನುವುದು ಇದನ್ನೇ. ಅದರ ಮೇಲೆ ನಿಕಾಯ, ಅಂದರೆ ಹತ್ತಿರದ ವಿಷಯಗಳ ಗುಂಪು, ಅದಕ್ಕೆ ಡೀನರು ಮುಖ್ಯಸ್ಥರು. ಅದರ ಮೇಲೆ ವಿದ್ಯಾವಿಷಯಕ ಪರಿಷತ್ತು. ಪಠ್ಯಕ್ರಮ ಬಿಒಎಸ್‌ನಲ್ಲಿ ಹುಟ್ಟಿ, ನಿಕಾಯ ದಾಟಿ, ಪರಿಷತ್ತಿನಲ್ಲಿ ಅಂಗೀಕಾರವಾಗಬೇಕು. ಈ ಏಣಿ ಹತ್ತಲು ತಿಂಗಳುಗಳೇ ಬೇಕು. 2021ರಲ್ಲಿ ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದು ನಾಲ್ಕು ವರ್ಷದ ಪದವಿಯಾಯಿತು, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ಪ್ರತಿ ಸಲವೂ ಎಲ್ಲ ವಿಷಯಗಳ ಪಠ್ಯ ಈ ಏಣಿಯನ್ನು ಮತ್ತೆ ಹತ್ತಬೇಕಾಯಿತು. ಸೆಮಿಸ್ಟರ್ ಶುರುವಾದ ಮೇಲೆ ಪಠ್ಯ ಕೈಗೆ ಬಂದರೆ ಅದಕ್ಕೆ ಮೇಷ್ಟರುಗಳನ್ನು ದೂರಿ ಫಲವಿಲ್ಲ.

ಸರಿ, ಮಗಳ ಕಡತಕ್ಕೆ ಬರೋಣ. ಪರೀಕ್ಷೆ ಬರೆದವಳಿಗೆ ಗೈರು ಎಂದು ಹೇಗೆ ಬರುತ್ತದೆ? ಪರೀಕ್ಷಾ ಕೊಠಡಿಯಲ್ಲಿ ಹಾಜರಾತಿ ಹಾಳೆಗೆ ವಿದ್ಯಾರ್ಥಿ ಸಹಿ ಮಾಡುತ್ತಾಳೆ. ಅದೇ ಸಾಲಿನಲ್ಲಿ ಉತ್ತರ ಪತ್ರಿಕೆಯ ಕ್ರಮಸಂಖ್ಯೆ ಬರೆಯಲಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಕೇಂದ್ರದವರು ಗೈರಾದವರ ಪಟ್ಟಿ ಮಾಡಿ, ಉತ್ತರ ಪತ್ರಿಕೆಗಳನ್ನು ವಿಷಯವಾರು ಕಟ್ಟಿ ಮೊಹರು ಹಾಕಿ ಕಳಿಸುತ್ತಾರೆ. ಮೌಲ್ಯಮಾಪನ ಕೇಂದ್ರದಲ್ಲಿ ನೋಂದಣಿ ಸಂಖ್ಯೆ ಮರೆಮಾಡಿ ಸಂಕೇತ ಸಂಖ್ಯೆ ಕೊಡುತ್ತಾರೆ, ಅಂಕ ಆ ಸಂಖ್ಯೆಯ ಮೇಲೆ ದಾಖಲಾಗುತ್ತದೆ, ಕೊನೆಯಲ್ಲಿ ಎರಡನ್ನೂ ಜೋಡಿಸುತ್ತಾರೆ. ಈ ದಾರಿಯಲ್ಲಿ ತಪ್ಪಾಗುವ ಜಾಗಗಳು ನಾಲ್ಕು. ಕೊಠಡಿ ಮೇಲ್ವಿಚಾರಕರು ಪಕ್ಕದ ಸಾಲಿನವರ ಬದಲು ಇವಳ ಮುಂದೆ ಗೈರು ಗುರುತು ಹಾಕಿರಬಹುದು. ವಿದ್ಯಾರ್ಥಿಯೇ ನೋಂದಣಿ ಸಂಖ್ಯೆಯ ಒಂದು ಅಂಕಿ ತಪ್ಪು ತುಂಬಿರಬಹುದು, ಇದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿ ಆಗುತ್ತದೆ. ಉತ್ತರ ಪತ್ರಿಕೆ ಬೇರೆ ವಿಷಯದ ಕಟ್ಟಿನೊಳಗೆ ಸೇರಿರಬಹುದು, ಒಂದೇ ಹೊತ್ತಿನಲ್ಲಿ ಹಳೆಯ ಪಠ್ಯ ಮತ್ತು ಹೊಸ ಪಠ್ಯದ ಎರಡು ಪತ್ರಿಕೆ ನಡೆದಾಗ ಇದು ಸಾಮಾನ್ಯ. ಇಲ್ಲವೇ ಮೌಲ್ಯಮಾಪನವಾದರೂ ಅಂಕ ಗಣಕಕ್ಕೆ ಏರದೆ ಉಳಿದಿರಬಹುದು.

ಇದಕ್ಕೆಲ್ಲ ಬೀಗದ ಕೈ ಆ ಹಾಜರಾತಿ ಹಾಳೆ. ಅದರ ಪ್ರತಿ ಪರೀಕ್ಷಾ ಕೇಂದ್ರದಲ್ಲಿ ಇರಬೇಕು. ಪ್ರಾಂಶುಪಾಲರಿಂದ ನಿಮಗೆ ಬೇಕಾದದ್ದು ಇಷ್ಟು: ಹಾಜರಾತಿ ಹಾಳೆಯ ದೃಢೀಕೃತ ಪ್ರತಿ, ಆ ದಿನದ ಗೈರುಹಾಜರಿ ಪಟ್ಟಿಯ ಪ್ರತಿ, ಈ ವಿದ್ಯಾರ್ಥಿನಿ ಹಾಜರಿದ್ದು ಪರೀಕ್ಷೆ ಬರೆದಿದ್ದಾಳೆ ಎಂದು ಪರೀಕ್ಷೆಯ ಮುಖ್ಯ ಅಧೀಕ್ಷಕರು ಕೊಡುವ ಪತ್ರ, ಇವೆಲ್ಲವನ್ನೂ ಲಗತ್ತಿಸಿದ ರವಾನೆ ಪತ್ರ. ಪರೀಕ್ಷೆ ಬೇರೆ ಕಾಲೇಜಿನ ಕೇಂದ್ರದಲ್ಲಿ ನಡೆದಿದ್ದರೆ ಮೊದಲ ಮೂರನ್ನು ಆ ಕೇಂದ್ರದಿಂದ ತರಬೇಕು. ಮಗಳ ಅರ್ಜಿಯಲ್ಲಿ ನೋಂದಣಿ ಸಂಖ್ಯೆ, ಸೆಮಿಸ್ಟರ್, ವಿಷಯದ ಹೆಸರು, ಪ್ರಶ್ನೆಪತ್ರಿಕೆಯ ಸಂಕೇತ ಸಂಖ್ಯೆ, ಪರೀಕ್ಷೆಯ ದಿನಾಂಕ, ಬೆಳಗಿನ ಹೊತ್ತೋ ಮಧ್ಯಾಹ್ನದ ಹೊತ್ತೋ, ಕೊಠಡಿ, ಉತ್ತರ ಪತ್ರಿಕೆಯ ಕ್ರಮಸಂಖ್ಯೆ ಇರಲಿ. ಪ್ರವೇಶ ಪತ್ರ ಮತ್ತು ಫಲಿತಾಂಶದ ಪ್ರತಿ ಜೊತೆಗಿರಲಿ. ಊರಿನ ಕಷ್ಟ, ಮನೆಯ ಪರಿಸ್ಥಿತಿ ಬರೆಯುವ ಅಗತ್ಯವಿಲ್ಲ. ಕಡತ ನೋಡುವವರಿಗೆ ಬೇಕಾದದ್ದು ಆ ಉತ್ತರ ಪತ್ರಿಕೆ ಹುಡುಕಲು ಬೇಕಾದ ಸಂಖ್ಯೆಗಳು.

ಎರಡು ಪ್ರತಿ ಮಾಡಿ, ಒಂದರ ಮೇಲೆ ಟಪಾಲು ವಿಭಾಗದ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಮೇಜಿನ ಮೇಲೆ ಕೊಟ್ಟು ಬಂದ ಅರ್ಜಿ ಕಾನೂನಿನ ಕಣ್ಣಿಗೆ ಕೊಡದ ಅರ್ಜಿಯೇ. ನಿಮ್ಮ ವಿ.ವಿ.ಯ ಪ್ರವೇಶ, ಪರೀಕ್ಷೆ, ಫಲಿತಾಂಶ ಯು.ಯು.ಸಿ.ಎಂ.ಎಸ್. (ರಾಜ್ಯದ ವಿ.ವಿ., ಕಾಲೇಜುಗಳ ಏಕೀಕೃತ ತಂತ್ರಾಂಶ) ಮೂಲಕ ನಡೆಯುತ್ತಿದ್ದರೆ ಕಾಲೇಜಿನ ಲಾಗಿನ್‌ನಿಂದಲೂ ವಿಷಯ ತಿಳಿಸಲು ಹೇಳಿ. ಆದರೆ ಕಾಗದದ ಅರ್ಜಿ ಬಿಡಬೇಡಿ.

ಒಳಗೆ ಕಡತ ವಿಷಯ ನಿರ್ವಾಹಕರಿಂದ ಅಧೀಕ್ಷಕರಿಗೆ, ಅಲ್ಲಿಂದ ಸಹಾಯಕ ಕುಲಸಚಿವರು ಅಥವಾ ಉಪಕುಲಸಚಿವರಿಗೆ, ಅಲ್ಲಿಂದ ಮೌಲ್ಯಮಾಪನ ಕುಲಸಚಿವರಿಗೆ ಹೋಗುತ್ತದೆ. ಉತ್ತರ ಪತ್ರಿಕೆ ಸಿಕ್ಕರೆ ಮೌಲ್ಯಮಾಪನ ಮಾಡಿಸಿ ಫಲಿತಾಂಶ ತಿದ್ದುತ್ತಾರೆ, ಅಲ್ಲಿಗೆ ಮುಗಿಯಿತು. ಉತ್ತರ ಪತ್ರಿಕೆ ಸಿಗದೇ ಹೋದರೆ ವಿಷಯ ಗಂಭೀರವಾಗುತ್ತದೆ. ಹಾಜರಾತಿ ಇದೆ, ಪತ್ರಿಕೆ ಇಲ್ಲ. ಇಲ್ಲಿ ಮೌಲ್ಯಮಾಪನ ಕುಲಸಚಿವರು ತಾವೇ ಅಂಕ ಕೊಡಲು ಬರುವುದಿಲ್ಲ. ನಿಯಮದಲ್ಲಿ ಇರುವ ದಾರಿಯಂತೆ ಕುಲಪತಿಯವರ ಒಪ್ಪಿಗೆ ಬೇಕು, ಅಗತ್ಯ ಬಿದ್ದರೆ ಸಿಂಡಿಕೇಟ್‌ವರೆಗೂ ಹೋಗುತ್ತದೆ. ಅಂಥ ಉತ್ತರ ಬಂದರೆ, ಪತ್ರಿಕೆ ಸಿಕ್ಕಿಲ್ಲ ಎಂದು ಲಿಖಿತವಾಗಿ ಕೊಡಿ, ಕಡತವನ್ನು ಕುಲಪತಿಯವರಿಗೆ ಮಂಡಿಸಿದ ದಿನಾಂಕ ತಿಳಿಸಿ ಎಂದು ಕೇಳಿ.

ಇಲ್ಲಿ ತಂದೆ ತಾಯಿ ಮಾಡುವ ದೊಡ್ಡ ತಪ್ಪು ಮರುಮೌಲ್ಯಮಾಪನಕ್ಕೆ ಹಣ ಕಟ್ಟುವುದು. ಗೈರು ಎಂದು ಬಂದ ವಿಷಯದಲ್ಲಿ ದಾಖಲಾದ ಅಂಕವೇ ಇಲ್ಲ, ಮತ್ತೆ ಮೌಲ್ಯಮಾಪನ ಮಾಡುವುದು ಏನನ್ನು? ಮರುಮೌಲ್ಯಮಾಪನ, ಮರುಎಣಿಕೆ, ಛಾಯಾಪ್ರತಿ ಇವು ಅಂಕ ಬಂದು ಕಡಿಮೆಯಾಗಿದೆ ಅನ್ನಿಸಿದಾಗಿನ ದಾರಿಗಳು. ಅವಕ್ಕೆ ಫಲಿತಾಂಶದ ಜೊತೆಗೇ ಕೊನೆಯ ದಿನ ಪ್ರಕಟವಾಗುತ್ತದೆ.

ಅರ್ಜಿ ಕೊಟ್ಟು ಎರಡು ವಾರವಾದರೂ ಉತ್ತರ ಬರದಿದ್ದರೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ಹೋಗಿ. ಯುಜಿಸಿಯ 2023ರ ನಿಯಮದ ಪ್ರಕಾರ ಇದು ಪ್ರತಿ ಸಂಸ್ಥೆಯಲ್ಲೂ ಇರಲೇಬೇಕು. ಫಲಿತಾಂಶದ ವಿಳಂಬ, ಮೌಲ್ಯಮಾಪನದ ಲೋಪ, ದಾಖಲೆ ಹಿಡಿದಿಟ್ಟುಕೊಳ್ಳುವುದು ಎಲ್ಲ ಅದರ ವ್ಯಾಪ್ತಿಯಲ್ಲಿವೆ. ದೂರು ಸಿಕ್ಕ 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ 15 ದಿನದೊಳಗೆ ವಿ.ವಿ.ಯ ಲೋಕಪಾಲರಿಗೆ, ಅಂದರೆ ಇದೇ ನಿಯಮದಡಿ ನೇಮಕವಾದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಅವರು 30 ದಿನದೊಳಗೆ ಬಗೆಹರಿಸಲು ಪ್ರಯತ್ನಿಸಬೇಕು. ಒಂದು ಎಚ್ಚರ: ಅಂಕ ಹೆಚ್ಚು ಮಾಡಿ ಎಂಬ ಮನವಿಯನ್ನು ಅವರು ತೆಗೆದುಕೊಳ್ಳುವುದಿಲ್ಲ, ನಿರ್ದಿಷ್ಟ ಲೋಪ ಅಥವಾ ತಾರತಮ್ಯ ತೋರಿಸಬೇಕು. ಹಾಜರಿದ್ದವಳಿಗೆ ಗೈರು ಎಂದು ಬಂದಿರುವುದು ನಿರ್ದಿಷ್ಟ ಲೋಪವೇ. ದೂರಿನ ಮೊದಲ ಸಾಲಿನಲ್ಲಿ ಅದನ್ನೇ ಬರೆಯಿರಿ.

ಜೊತೆಜೊತೆಗೇ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು. ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದ ಮಿತಿ. ಯಾಕೆ ಹೀಗಾಯಿತು ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿ: ಈ ನೋಂದಣಿ ಸಂಖ್ಯೆಯ, ಈ ದಿನಾಂಕದ ಹಾಜರಾತಿ ಹಾಳೆ, ಗೈರುಹಾಜರಿ ಪಟ್ಟಿ, ಉತ್ತರ ಪತ್ರಿಕೆಗಳ ಕಟ್ಟು ಸ್ವೀಕರಿಸಿದ ವಹಿಯ ಪುಟ, ನನ್ನ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆ. ಅರ್ಜಿದಾರಳು ಮಗಳೇ ಆಗಿರಲಿ. ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಬಹಳ ಸಲ ಈ ಅರ್ಜಿ ತಲುಪಿದ ವಾರದಲ್ಲೇ ಉತ್ತರ ಪತ್ರಿಕೆ ಸಿಕ್ಕಿಬಿಡುತ್ತದೆ, ಯಾಕೆಂದರೆ ದಾಖಲೆ ಕೊಡಲು ಯಾರಾದರೊಬ್ಬರು ಕಟ್ಟು ಬಿಚ್ಚಲೇಬೇಕಾಗುತ್ತದೆ. ಕೋರ್ಟಿನ ಮೆಟ್ಟಿಲು ಕೊನೆಗೆ. ಬಂದೇ ಬಂದರೆ ಬಳ್ಳಾರಿ, ಕೊಪ್ಪಳದವರಿಗೆ ಹೈಕೋರ್ಟಿನ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.

ಇನ್ನು ಬಿ.ಸಿ.ಎ. ವಿಷಯ. ಇಲ್ಲಿ ನಿಮ್ಮ ಪಾತ್ರ ಬದಲಾಗುತ್ತದೆ, ಜವಾಬ್ದಾರಿಯೂ. ಹೊಸ ಕೋರ್ಸಿಗೆ ವಿ.ವಿ.ಯ ಸಂಯೋಜನೆ ಬೇಕು. ವಿ.ವಿ. ಪ್ರಕಟಣೆ ಹೊರಡಿಸಿದಾಗ ಕೊನೆಯ ದಿನದೊಳಗೆ ತಂತ್ರಾಂಶದಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಆಮೇಲೆ ಎಲ್‌ಐಸಿ ಎಂದು ಕರೆಯುವ ಸ್ಥಳೀಯ ವಿಚಾರಣಾ ಸಮಿತಿ ಬರುತ್ತದೆ. ಅದರ ವರದಿ ಸಿಂಡಿಕೇಟ್ ಮತ್ತು ವಿದ್ಯಾವಿಷಯಕ ಪರಿಷತ್ತಿನ ಮುಂದೆ ಬರುತ್ತದೆ, ಶಿಫಾರಸು ಸರ್ಕಾರಕ್ಕೆ ಹೋಗುತ್ತದೆ, ಸರ್ಕಾರದ ಒಪ್ಪಿಗೆಯ ಮೇಲೆ ವಿ.ವಿ. ಆದೇಶ ಹೊರಡಿಸುತ್ತದೆ. ಬಿ.ಸಿ.ಎ.ಗೆ ಇನ್ನೊಂದು ಬಾಗಿಲಿದೆ: 2024-25ರಿಂದ ಬಿ.ಬಿ.ಎ., ಬಿ.ಸಿ.ಎ. ಕೋರ್ಸುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ವ್ಯಾಪ್ತಿಗೆ ಬಂದಿವೆ, ಆ ಅನುಮೋದನೆಯೂ ಬೇಕು. ಎರಡರ ವೇಳಾಪಟ್ಟಿ ಬೇರೆ ಬೇರೆ. ಒಂದು ಸಿಕ್ಕ ಮೇಲೆ ಇನ್ನೊಂದಕ್ಕೆ ಹಾಕೋಣ ಎಂದು ಕೂತರೆ ವರ್ಷ ತಪ್ಪುತ್ತದೆ.

ಎಲ್‌ಐಸಿ ನೋಡುವುದು ಜಾಗದ ಪತ್ರ, ಕಟ್ಟಡ, ಕೊಠಡಿಗಳು, ಗಣಕ ಪ್ರಯೋಗಾಲಯ, ಗ್ರಂಥಾಲಯ, ಬೋಧಕರ ವಿದ್ಯಾರ್ಹತೆ, ಸಂಸ್ಥೆಯ ಹಣಕಾಸು. ಸಮಿತಿ ಬರುವ ದಿನಕ್ಕೆ ಬೇರೆ ಕಡೆಯಿಂದ ಕಂಪ್ಯೂಟರ್ ತಂದಿಟ್ಟು ಮರುದಿನ ವಾಪಸ್ ಕಳಿಸುವುದು ಕೆಲವು ಕಡೆ ನಡೆಯುತ್ತದೆ. ಅದರ ಫಲ ಮಕ್ಕಳು ಮೂರು ವರ್ಷ ಉಣ್ಣುತ್ತಾರೆ. ದಯವಿಟ್ಟು ನಿಮ್ಮ ಮಂಡಳಿಯಲ್ಲಿ ಅದಕ್ಕೆ ಒಪ್ಪಬೇಡಿ. ಅದಕ್ಕಿಂತ ದೊಡ್ಡ ತಪ್ಪು, ಆದೇಶ ಕೈಗೆ ಬರುವ ಮುಂಚೆಯೇ ಪ್ರವೇಶ ಕೊಡುವುದು. ‘ಫೈಲ್ ಮೂವ್ ಆಗಿದೆ, ಬಂದೇ ಬರ್ತದೆ’ ಎಂದು ಸೇರಿಸಿಕೊಂಡ ಮಕ್ಕಳಿಗೆ ನೋಂದಣಿ ಸಂಖ್ಯೆಯೇ ಸಿಗುವುದಿಲ್ಲ, ಪರೀಕ್ಷೆ ಹತ್ತಿರ ಬಂದಾಗ ಪೋಷಕರು ಕಾಲೇಜಿನ ಗೇಟಿಗೆ ಬರುತ್ತಾರೆ. ಮಕ್ಕಳನ್ನು ಹೊಸ ಕೋರ್ಸಿಗೆ ಸೇರಿಸುವ ಪೋಷಕರೂ ಆ ವರ್ಷದ ಸಂಯೋಜನಾ ಆದೇಶ ಮತ್ತು ಅದರಲ್ಲಿ ಬರೆದ ಸೀಟುಗಳ ಸಂಖ್ಯೆ ನೋಡಿಯೇ ಹಣ ಕಟ್ಟಬೇಕು.

ಕೊಪ್ಪಳದ ಕಡೆಯವರಿಂದ ಇನ್ನೊಂದು ಆತಂಕ ಕೇಳಿಬರುತ್ತದೆ: ಹೊಸ ವಿ.ವಿ.ಗಳನ್ನು ಮುಚ್ಚುತ್ತಾರಂತೆ, ನಮ್ಮ ಪದವಿಗೆ ಬೆಲೆ ಇರುತ್ತದೆಯೇ? 2025ರ ಆರಂಭದಲ್ಲಿ ಅಂಥ ಪ್ರಸ್ತಾವ ಸಚಿವ ಸಂಪುಟದ ಉಪಸಮಿತಿಯಲ್ಲಿ ಚರ್ಚೆಗೆ ಬಂದದ್ದು ನಿಜ. ಆದರೆ ವಿ.ವಿ. ಹುಟ್ಟುವುದು ವಿಧಾನಮಂಡಲದ ಕಾಯ್ದೆಯಿಂದ, ಮುಚ್ಚುವುದಾದರೂ ವಿಲೀನವಾಗುವುದಾದರೂ ಕಾಯ್ದೆ ತಿದ್ದಬೇಕು. ಕುಲಪತಿಗೆ, ಸಿಂಡಿಕೇಟಿಗೆ ಆ ಅಧಿಕಾರವಿಲ್ಲ. ವಿ.ವಿ. ಇದ್ದಾಗ ಕಾನೂನುಬದ್ಧವಾಗಿ ಕೊಟ್ಟ ಪದವಿ ಪದವಿಯೇ.

ಕೊನೆಯದಾಗಿ ಈ ವಾರ ನೀವು ಮಾಡಬೇಕಾದ ಒಂದು ಕೆಲಸ. ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟುವ ಕೊನೆಯ ದಿನ ಯಾವಾಗ ಎಂದು ಕಾಲೇಜಿನಲ್ಲಿ ಕೇಳಿ. ಅಷ್ಟರೊಳಗೆ ತಿದ್ದುಪಡಿ ಆಗದಿದ್ದರೆ ಆ ಒಂದು ವಿಷಯಕ್ಕೆ ಶುಲ್ಕ ಕಟ್ಟಿಬಿಡಿ. ತನ್ನ ತಿದ್ದುಪಡಿ ಅರ್ಜಿ ಇಂಥ ದಿನಾಂಕದಿಂದ ಬಾಕಿ ಇದೆ, ಅದಕ್ಕೆ ಬಾಧಕವಾಗದಂತೆ ಶುಲ್ಕ ಕಟ್ಟುತ್ತಿದ್ದೇನೆ ಎಂದು ಮಗಳ ಕೈಯಿಂದ ಒಂದು ಪತ್ರ ಬರೆಸಿ ಅದಕ್ಕೂ ಮೊಹರು ಹಾಕಿಸಿಕೊಳ್ಳಿ. ಬಿ.ಎಡ್. ಅಥವಾ ಎಂ.ಕಾಂ. ಪ್ರವೇಶಕ್ಕೆ ಅರ್ಜಿ ಹಾಕುವುದಿದ್ದರೆ, ಫಲಿತಾಂಶದ ತಿದ್ದುಪಡಿ ವಿ.ವಿ.ಯಲ್ಲಿ ಪರಿಶೀಲನೆಯಲ್ಲಿದೆ ಎಂದು ಪ್ರಾಂಶುಪಾಲರಿಂದ ಪತ್ರ ಪಡೆದು ಅರ್ಜಿಗೆ ಲಗತ್ತಿಸಿ. ಸೀಟು ಖಚಿತವಾಗುವ ದಿನದೊಳಗೆ ಮೂಲ ಅಂಕಪಟ್ಟಿ ತೋರಿಸಲೇಬೇಕಾಗುತ್ತದೆ, ಆ ದಿನಾಂಕವನ್ನೂ ಈಗಲೇ ಬರೆದಿಟ್ಟುಕೊಂಡು ನಿಮ್ಮ ಜ್ಞಾಪನ ಪತ್ರಗಳಲ್ಲಿ ಉಲ್ಲೇಖಿಸಿ.